ಜಡ್ಜಿನ ಮುಖಕ್ಕೇ ಹೇಳಿಬಿಟ್ಟ ವಕೀಲ

ಎಲ್ಲರಿಗೂ ನಮಸ್ಕಾರ.

'ರಂಪೋಲ್ ಆಫ್ ದ ಬೇಲಿ' ಧಾರಾವಾಹಿಯ ಇಬ್ಬರು ಅಭಿಮಾನಿಗಳು ಒಂದು ಕಡೆ ಸೇರಿದರೆ ಮೊದಲು ಬರುವ ಪ್ರಶ್ನೆ ಒಂದೇ. ನಿಮಗೆ ಯಾವ ಕಂತು ಇಷ್ಟ? ಜಗಳ ಅಲ್ಲಿಂದಲೇ ಶುರು. ಆ ಜಗಳದಲ್ಲಿ ನನ್ನ ಪಕ್ಷ ಏನು ಅಂತ ಇವತ್ತು ಹೇಳುತ್ತೇನೆ. ಎದುರು ಪಕ್ಷದವರು ಈ ಸ್ಟುಡಿಯೋದಲ್ಲಿಲ್ಲ. ಅದು ನನಗೆ ಅನುಕೂಲವೇ.

ನೋಡದವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಓಲ್ಡ್ ಬೇಲಿ ಅಂದರೆ ಲಂಡನ್ನಿನ ದೊಡ್ಡ ಕ್ರಿಮಿನಲ್ ಕೋರ್ಟು. ಅಲ್ಲಿ ಕೇಸು ನಡೆಸುವ ವಯಸ್ಸಾದ ಬ್ಯಾರಿಸ್ಟರ್ ಹೊರೇಸ್ ರಂಪೋಲ್. ದಪ್ಪ ಮೈ. ಕೋಟಿನ ಮೇಲೆ ಚುಟ್ಟದ ಬೂದಿ. ಯಾರೋ ಹಾಕಿಬಿಟ್ಟ ಹಳೆಯ ವಿಗ್ಗು. ಬಾಯಲ್ಲಿ ವರ್ಡ್ಸ್‌ವರ್ತ್‌ನ ಸಾಲುಗಳು. ಸಂಜೆಯಾದರೆ ಪಾಮರಾಯ್ ಎಂಬಾತನ ವೈನ್ ಬಾರಿನಲ್ಲಿ ಅಗ್ಗದ ಕೆಂಪು ವೈನು. ಅದಕ್ಕೆ ಅವನೇ ಇಟ್ಟ ಹೆಸರು 'ಶಾಟೋ ಥೇಮ್ಸ್ ಎಂಬ್ಯಾಂಕ್‌ಮೆಂಟ್'. ಮನೆಯಲ್ಲಿ ಹೆಂಡತಿ ಹಿಲ್ಡಾ. ಆಕೆಯ ಮಾತು ಮೀರುವ ಧೈರ್ಯ ಅವನಿಗಿಲ್ಲ. ಕೋರ್ಟಿನಲ್ಲಿ ಹುಲಿ, ಮನೆಯಲ್ಲಿ ಇಲಿ. ಇಂಥವರನ್ನು ನಾವೂ ನೋಡಿದ್ದೇವೆ, ಅಲ್ವಾ?

ಇದನ್ನು ಬರೆದವರು ಜಾನ್ ಮಾರ್ಟಿಮರ್. ಅವರೂ ಬ್ಯಾರಿಸ್ಟರೇ. 1975ರ ಡಿಸೆಂಬರಿನಲ್ಲಿ ಬಿಬಿಸಿಯಲ್ಲಿ ಒಂದೇ ಒಂದು ನಾಟಕವಾಗಿ ರಂಪೋಲ್ ಬಂದ. ನಿರ್ಮಾಪಕಿ ಐರೀನ್ ಶೂಬಿಕ್ ಅವನನ್ನು ಥೇಮ್ಸ್ ಟೆಲಿವಿಷನ್‌ಗೆ ಕರೆದೊಯ್ದರು. 1978ರಲ್ಲಿ ಧಾರಾವಾಹಿ ಶುರುವಾಗಿ 1992ರವರೆಗೆ ಏಳು ಸರಣಿಗಳು ಬಂದವು. ರಂಪೋಲ್ ಪಾತ್ರ ಮಾಡಿದವರು ಲಿಯೋ ಮೆಕರ್ನ್. ಹುಟ್ಟಿದ್ದು ಸಿಡ್ನಿಯಲ್ಲಿ. ಹುಡುಗನಾಗಿದ್ದಾಗಲೇ ಅಪಘಾತದಲ್ಲಿ ಎಡಗಣ್ಣು ಹೋಗಿ, ಗಾಜಿನ ಕಣ್ಣು ಹಾಕಿಸಿಕೊಂಡಿದ್ದರು. ತೆರೆಯ ಮೇಲೆ ಆ ಎರಡು ಕಣ್ಣುಗಳ ನೋಟ ಬೇರೆ ಬೇರೆ. ಸಾಕ್ಷಿಕಟ್ಟೆಯಲ್ಲಿ ನಿಂತ ಪೊಲೀಸನನ್ನು ಅವರು ಸುಮ್ನೆ ಒಮ್ಮೆ ದಿಟ್ಟಿಸಿದರೆ ಸಾಕು, ಅರ್ಧ ಪಾಟೀಸವಾಲು ಮುಗಿದಂತೆ.

ಈಗ ಜಗಳಕ್ಕೆ ಬರೋಣ.

ನಮ್ಮ ಬಳಗದಲ್ಲಿ, ನನ್ನ ಭಾವಮೈದುನನದೂ ಸೇರಿ, ಜಾಸ್ತಿ ಮತ ಬೀಳುವುದು 1991ರ 'ರಂಪೋಲ್ ಆ ಲಾ ಕಾರ್ಟ್' ಕಂತಿಗೆ. ಯಾಕೆ ಅಂತ ನನಗೂ ಅರ್ಥವಾಗುತ್ತದೆ. ಹಿಲ್ಡಾಳ ನೆಂಟ ಎವೆರಾರ್ಡ್ ಕೆನಡಾದಿಂದ ಬಂದು ದಂಪತಿಯನ್ನು ದುಬಾರಿ ಫ್ರೆಂಚ್ ಹೋಟೆಲಿಗೆ ಊಟಕ್ಕೆ ಕರೆಯುತ್ತಾನೆ. ತಟ್ಟೆಯಲ್ಲಿ ಬಣ್ಣಬಣ್ಣದ ಚಿತ್ತಾರ, ತಿನ್ನಲು ಏನೂ ಇಲ್ಲ ಅನ್ನುವಂಥ ಜಾಗ. ರಂಪೋಲ್ ಅಲ್ಲಿ ಕೂತು ಸ್ಟೇಕ್ ಅಂಡ್ ಕಿಡ್ನಿ ಪುಡಿಂಗ್ ಕೇಳುತ್ತಾನೆ, ಜೊತೆಗೆ ಕಿವುಚಿದ ಆಲೂಗಡ್ಡೆ. ಬಾಣಸಿಗನಿಗೆ ತಲೆ ಕೆಡುತ್ತದೆ. ಆತನ ಹೆಸರು ಜ್ಯಾಂ ಪಿಯೆರ್ ಓ'ಹಿಗಿನ್ಸ್. ಅರ್ಧ ಹೆಸರು ಫ್ರೆಂಚು, ಉಳಿದರ್ಧ ಐರಿಷ್. ಅಷ್ಟರಲ್ಲಿ ಇನ್ನೊಂದು ಮೇಜಿನಲ್ಲಿ ಬೆಳ್ಳಿ ಮುಚ್ಚಳ ತೆಗೆದರೆ ಒಳಗೊಂದು ಜೀವಂತ ಇಲಿ. ಆ ಮೇಜಿನಲ್ಲಿ ಕೂತವನು ರಂಪೋಲ್‌ನ ಸಹೋದ್ಯೋಗಿ ಕ್ಲಾಡ್ ಎರ್ಸ್ಕಿನ್ ಬ್ರೌನ್. ಎದುರಿಗೆ ಕೂತವಳು ಅವನ ಹೆಂಡತಿಯಲ್ಲ. ಇಲಿಯ ದೆಸೆಯಿಂದ ಬಾಣಸಿಗನ ಮೇಲೆ ಕೇಸಾಗುತ್ತದೆ, ಅವನ ಪರ ವಾದಿಸಲು ರಂಪೋಲೇ ಬೇಕಾಗುತ್ತಾನೆ. ನಗು ಬೇಕೆಂದರೆ ಇದನ್ನೇ ನೋಡಿ. ಆದರೆ ನನ್ನ ಮತ ಇದಕ್ಕಲ್ಲ. ಇಲ್ಲಿ ರಂಪೋಲ್‌ಗೆ ಹೋಗುವುದು ಏನೂ ಇಲ್ಲ. ಕಳೆದುಕೊಳ್ಳುವ ಭಯವಿಲ್ಲದ ರಂಪೋಲ್ ಅರ್ಧ ರಂಪೋಲ್ ಅಷ್ಟೇ.

ಗಂಭೀರ ಸ್ವಭಾವದ ಅಭಿಮಾನಿಗಳು ಇನ್ನೊಂದರ ಹೆಸರು ಹೇಳುತ್ತಾರೆ. 1983ರ 'ರಂಪೋಲ್ ಅಂಡ್ ದ ಗೋಲ್ಡನ್ ಥ್ರೆಡ್'. ನೆರಾಂಗ ಎಂಬ ಕಲ್ಪನೆಯ ಆಫ್ರಿಕನ್ ದೇಶ. ರಂಪೋಲ್ ಹತ್ತಿರ ಹಿಂದೆ ಕೆಲಸ ಕಲಿತಿದ್ದವನು ಅಲ್ಲಿ ಕೊಲೆ ಆರೋಪ ಹೊತ್ತು ನಿಂತಿದ್ದಾನೆ. ರಂಪೋಲ್ ಹೋಗಿ ವಾದಿಸುತ್ತಾನೆ. ಹೆಸರಿನಲ್ಲಿರುವ ಚಿನ್ನದ ಎಳೆ ಅವನ ಸ್ವಂತದ್ದಲ್ಲ, ನಿಜವಾದ ಒಂದು ಕೇಸಿನಿಂದ ಬಂದದ್ದು. 1934ರ ಡಿಸೆಂಬರಿನಲ್ಲಿ ಡಾರ್ಸೆಟ್ ಕಡೆಯ ರೆಜಿನಾಲ್ಡ್ ವುಲ್ಮಿಂಗ್ಟನ್ ಎಂಬ ಕೂಲಿ ಹುಡುಗನ ಬಂದೂಕಿನಿಂದ ಅವನ ಹೆಂಡತಿ ಸತ್ತಳು. ಹುಡುಗನ ವಯಸ್ಸು 21. ಬಂದೂಕು ತಾನಾಗಿ ಹಾರಿತು ಎಂದ. ಹಾಗಾದರೆ ಅದನ್ನು ನೀನೇ ಸಾಬೀತು ಮಾಡಬೇಕು ಅನ್ನುವ ಅರ್ಥದಲ್ಲಿ ಜಡ್ಜು ಜ್ಯೂರಿಗೆ ಹೇಳಿದರು. ಗಲ್ಲು ಶಿಕ್ಷೆಯಾಯಿತು. 1935ರಲ್ಲಿ ಆಗಿನ ಅತಿ ಮೇಲಿನ ಕೋರ್ಟಾದ ಹೌಸ್ ಆಫ್ ಲಾರ್ಡ್ಸ್ ಅದನ್ನು ತಳ್ಳಿಹಾಕಿತು. ಲಾರ್ಡ್ ಸ್ಯಾಂಕಿ ಬರೆದ ತೀರ್ಪು ಅದು. ಇಂಗ್ಲಿಷ್ ಕ್ರಿಮಿನಲ್ ಕಾನೂನಿನ ಉದ್ದಕ್ಕೂ ಒಂದು ಚಿನ್ನದ ಎಳೆ ಕಾಣುತ್ತದೆ, ತಪ್ಪು ಮಾಡಿದ್ದಾನೆಂದು ತೋರಿಸುವ ಹೊಣೆ ಸರ್ಕಾರದ ಕಡೆಯವರದ್ದು ಎಂದರು. ನಮ್ಮ ಕೋರ್ಟುಗಳಲ್ಲೂ ಅದೇ ನಿಯಮ. ರಂಪೋಲ್‌ಗೆ ಇದು ಜಪ. ಪಿಕ್‌ಪಾಕೆಟ್ ಕೇಸಿನಲ್ಲೂ ಚಿನ್ನದ ಎಳೆ ತರದೆ ಬಿಡುವವನಲ್ಲ. ಕಂತು ಚೆನ್ನಾಗಿದೆ. ಆದರೆ ಅವನನ್ನು ಓಲ್ಡ್ ಬೇಲಿಯಿಂದ ಅಷ್ಟು ದೂರ ಕಳಿಸಿದ್ದು ನನಗೆ ಹಿಡಿಸಲಿಲ್ಲ. ಅವನಿಗೆ ಅವನ ಕೋರ್ಟು ಬೇಕು, ಅವನ ಬಾರು ಬೇಕು, ಅವನ ಶತ್ರು ಬೇಕು.

ಆ ಶತ್ರುವೇ ಜಡ್ಜ್ ಬುಲಿಂಗ್‌ಹ್ಯಾಮ್. ರಂಪೋಲ್ ಕರೆಯುವುದು 'ಮ್ಯಾಡ್ ಬುಲ್' ಅಂತ. ಬಿಲ್ ಫ್ರೇಸರ್ ಮಾಡಿದ ಪಾತ್ರ. ಕೆಂಪೇರಿದ ಮುಖ, ಆರೋಪಿಯನ್ನು ಕಂಡ ತಕ್ಷಣ ಉಬ್ಬುವ ಮೂಗಿನ ಹೊಳ್ಳೆ. ಅಂದಮೇಲೆ ನನ್ನ ಆಯ್ಕೆ ಯಾವುದು ಅಂತ ರಂಪೋಲ್ ಬಲ್ಲವರಿಗೆ ಈಗಾಗಲೇ ಗೊತ್ತಾಗಿರಬೇಕು. 1987ರ ನಾಲ್ಕನೆಯ ಸರಣಿಯ ಕೊನೆಯ ಕಂತು, 'ರಂಪೋಲ್ಸ್ ಲಾಸ್ಟ್ ಕೇಸ್'.

ಇದರ ರುಚಿ ಹತ್ತಬೇಕಾದರೆ ಜ್ಯೂರಿ ಕೋರ್ಟು ನಡೆಯುವ ಬಗೆ ಗೊತ್ತಿರಬೇಕು. ನಮ್ಮಲ್ಲಿ ಜ್ಯೂರಿ ಹೋಗಿ ಎಷ್ಟೋ ಕಾಲವಾಯಿತು. ಅಲ್ಲಿ ತಪ್ಪಿತಸ್ಥನೋ ಅಲ್ಲವೋ ಎಂದು ಹೇಳುವವರು ಹನ್ನೆರಡು ಮಂದಿ ಸಾಮಾನ್ಯ ಜನ. ಎರಡೂ ಕಡೆಯ ವಕೀಲರ ಮಾತು ಮುಗಿದ ಮೇಲೆ, ಆ ಹನ್ನೆರಡು ಮಂದಿ ಒಳಗೆ ಹೋಗುವ ಮುಂಚೆ, ಕೊನೆಯ ಮಾತು ಜಡ್ಜಿನದು. ಸಾಕ್ಷ್ಯವನ್ನೆಲ್ಲ ಒಟ್ಟು ಮಾಡಿ ಹೇಳಬೇಕು, ಯಾರ ಪಕ್ಷವನ್ನೂ ವಹಿಸಬಾರದು. ಕಾಗದದ ಮೇಲೆ ಅದು ನ್ಯಾಯವಾಗಿಯೇ ಇರುತ್ತದೆ. ಕಿವಿಗೆ ಬೀಳುವುದು ಬೇರೆ. ಇದು ರೇಡಿಯೋ ಅಲ್ವಾ, ಮಾಡಿಯೇ ತೋರಿಸುತ್ತೇನೆ. ಕೇಳಿ.

"ಆರೋಪಿ ತಾನು ಅಲ್ಲಿರಲಿಲ್ಲ ಎನ್ನುತ್ತಾನೆ. ಅದನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು."

ಈಗ ಬುಲಿಂಗ್‌ಹ್ಯಾಮ್ ಥರದವರ ಬಾಯಲ್ಲಿ.

"ಆರೋಪಿ... ತಾನು ಅಲ್ಲಿರಲಿಲ್ಲ... ಎನ್ನುತ್ತಾನೆ. ಅದನ್ನು... ನಂಬುವುದು... ಬಿಡುವುದು ನಿಮಗೆ ಸೇರಿದ್ದು."

ಒಂದು ಅಕ್ಷರವೂ ಬದಲಾಗಲಿಲ್ಲ. ರಂಪೋಲ್ ಕಾಲದಲ್ಲಿ ಕೋರ್ಟಿನ ಬರಹಗಾರ ಬರೆದುಕೊಳ್ಳುತ್ತಿದ್ದದ್ದೂ ಒಂದೇ. ನಿಟ್ಟುಸಿರಿಗೆ ಶಾರ್ಟ್‌ಹ್ಯಾಂಡ್ ಇಲ್ಲ. ಅಪೀಲಿಗೆ ಹೋದರೆ ಮೇಲಿನ ಕೋರ್ಟಿಗೆ ಕಾಣುತ್ತಿದ್ದದ್ದು ಕಾಗದ ಮಾತ್ರ.

ಮಾರ್ಟಿಮರ್ ಇದನ್ನು ಕೂತಲ್ಲೇ ಕಲ್ಪಿಸಿಕೊಂಡವರಲ್ಲ. 1971ರಲ್ಲಿ ಓಲ್ಡ್ ಬೇಲಿಯಲ್ಲೇ 'ಓಜ್' ಪತ್ರಿಕೆಯ ಮೇಲೆ ಅಶ್ಲೀಲತೆಯ ಕೇಸು ನಡೆದಾಗ ಸಂಪಾದಕರ ಪರ ವಾದಿಸಿದ್ದರು. ಅಲ್ಲಿ ಸೋತರು. ಅಪೀಲಿನಲ್ಲಿ ಆ ಅಶ್ಲೀಲತೆಯ ಶಿಕ್ಷೆ ಬಿದ್ದುಹೋಯಿತು. ಕಾರಣ ಏನು ಗೊತ್ತೇ? ಜಡ್ಜು ಜ್ಯೂರಿಗೆ ಹೇಳಿದ ಕೊನೆಯ ಮಾತಿನಲ್ಲಿದ್ದ ತಪ್ಪುಗಳು.

ಸರಿ, ಇಂಥ ಜಡ್ಜಿನ ಎದುರು ವಕೀಲ ಬಾಯಿ ಬಿಡಬಾರದೇ? ಬಿಡಬಹುದು. ಆದರೆ ನಾಳೆ ಮತ್ತೆ ಅದೇ ಜಡ್ಜಿನ ಮುಂದೆ ನಿಲ್ಲಬೇಕಲ್ಲ. ಆ ಕಾಲದಲ್ಲಿ ಅಲ್ಲಿ ಇನ್ನೊಂದು ಏರ್ಪಾಡಿತ್ತು. ಕಕ್ಷಿದಾರ ನೇರವಾಗಿ ಬ್ಯಾರಿಸ್ಟರ್ ಹತ್ತಿರ ಬರುವಂತಿರಲಿಲ್ಲ. ಸಾಲಿಸಿಟರ್ ಎಂಬ ಬೇರೆ ವಕೀಲನ ಹತ್ತಿರ ಹೋಗಬೇಕಿತ್ತು. ಆ ಸಾಲಿಸಿಟರ್ ಮನಸ್ಸು ಮಾಡಿದರೆ ಬ್ಯಾರಿಸ್ಟರಿಗೆ ಕೇಸು. ಜಡ್ಜುಗಳ ಜೊತೆ ಜಗಳವಾಡುವವನು ಎಂಬ ಹೆಸರು ಬಂದರೆ ಕೇಸು ಬೇರೆಯವರ ಮೇಜಿಗೆ ಹೋಗುತ್ತಿತ್ತು. ರಂಪೋಲ್ ಕೊನೆಯವರೆಗೂ ಕ್ವೀನ್ಸ್ ಕೌನ್ಸೆಲ್ ಆಗಲಿಲ್ಲ. ಹಿರಿತನ ಕೊಡಬೇಕಾದವರು ಕೊಡಲಿಲ್ಲ. ಸರ್ಕಾರದ ಕಾನೂನು ನೆರವಿನ ಸಣ್ಣ ಫೀಸು, ಅದೂ ತಡವಾಗಿ ಬರುತ್ತದೆ. ಅವನ ಕಾಯಂ ಗಿರಾಕಿಗಳು ದಕ್ಷಿಣ ಲಂಡನ್ನಿನ ಟಿಮ್ಸನ್ ಮನೆತನ. ಕಳ್ಳತನವೇ ಕುಲಕಸುಬು. ಹಾಗಾಗಿ ರಂಪೋಲ್ ಮಾಡುವುದೇನು? ಜಡ್ಜಿಗೆ ಹೇಳಬೇಕಾದ್ದನ್ನು ವಿನಯದಲ್ಲಿ ಸುತ್ತಿ ಹೇಳುತ್ತಾನೆ. 'ಪ್ರಭುಗಳು ಅಪ್ಪಣೆ ಕೊಟ್ಟರೆ' ಅನ್ನುತ್ತಾನೆ. ಒಳಗೊಳಗೇ ಗೊಣಗುತ್ತಾನೆ. ಆ ಗೊಣಗು ನಮಗೆ ಮಾತ್ರ ಕೇಳುತ್ತದೆ. ಈ ಧಾರಾವಾಹಿಯ ನಗುವೆಲ್ಲ ಇರುವುದು ಇಲ್ಲಿ, ಒಳಗೆ ಆಡಿಕೊಂಡದ್ದಕ್ಕೂ ಹೊರಗೆ ಆಡಿದ್ದಕ್ಕೂ ನಡುವಿನ ಸಂದಿಯಲ್ಲಿ. ನಾಳೆಯ ಅನ್ನದ ಯೋಚನೆ ಇರುವವನ ನಗು ಅದು.

'ಲಾಸ್ಟ್ ಕೇಸ್'ನಲ್ಲಿ ಮಾರ್ಟಿಮರ್ ಆ ಯೋಚನೆಯನ್ನೇ ಕಿತ್ತುಹಾಕುತ್ತಾರೆ. ರಂಪೋಲ್ ಕುದುರೆ ಜೂಜಿಗೆ ದುಡ್ಡು ಕಟ್ಟುತ್ತಾನೆ. ಒಂದು ಕುದುರೆಗಲ್ಲ, ನಾಲ್ಕು ಕುದುರೆಗಳ ಸಾಲಿಗೆ. ಮೊದಲನೆಯದು ಗೆದ್ದರೆ ಬಂದ ಹಣವೆಲ್ಲ ತಾನಾಗಿ ಎರಡನೆಯದರ ಮೇಲೆ ಹೋಗುತ್ತದೆ. ಅದೂ ಗೆದ್ದರೆ ಮೂರನೆಯದರ ಮೇಲೆ. ಲೆಕ್ಕಕ್ಕೆ ನಾನೇ ಒಂದು ಉದಾಹರಣೆ ಕೊಡುತ್ತೇನೆ. 10 ಪೌಂಡ್ ಕಟ್ಟಿದಿರಿ, ಒಂದಕ್ಕೆ ಮೂರು ಕೊಡುವ ಕುದುರೆ ಗೆದ್ದಿತು. ಅಸಲು ಸೇರಿ 40. ಮುಂದಿನದು ಒಂದಕ್ಕೆ ನಾಲ್ಕು, 200 ಆಯಿತು. ಅದರ ಮುಂದಿನದು ಒಂದಕ್ಕೆ ಎರಡು, 600. ಕೊನೆಯದು ಒಂದಕ್ಕೆ ಐದು, 3,600. ನಡುವೆ ಒಂದೇ ಒಂದು ಕುದುರೆ ಎಡವಿದರೂ ಸೊನ್ನೆ. ಬೆಂಗಳೂರಿನ ರೇಸ್‌ಕೋರ್ಸ್ ಕಡೆ ಓಡಾಡಿದವರಿಗೆ ಜಾಕ್‌ಪಾಟ್ ಗೊತ್ತಿರುತ್ತದೆ. ಇದು ಅದರ ದಾಯಾದಿ.

ಆ ಹೊತ್ತಿಗೆ ರಂಪೋಲ್ ಟಿಮ್ಸನ್ನರ ಒಂದು ಬ್ಯಾಂಕ್ ದರೋಡೆ ಕೇಸಿನಲ್ಲಿದ್ದಾನೆ. ಜಡ್ಜು ಅದೇ ಬುಲಿಂಗ್‌ಹ್ಯಾಮ್. ಕೇಸು ಮುಗಿಯುವ ಮೊದಲೇ ಸುದ್ದಿ ಬರುತ್ತದೆ. ನಾಲ್ಕೂ ಕುದುರೆ ಗೆದ್ದಿವೆ. ಇನ್ನು ಕೇಸು ಬೇಡ, ಫೀಸು ಬೇಡ, ಯಾರ ಮುಲಾಜೂ ಬೇಡ. ಜ್ಯೂರಿಯ ಮುಂದೆ ಕೊನೆಯ ಮಾತಿಗೆ ಎದ್ದು ನಿಲ್ಲುತ್ತಾನೆ. ಇಷ್ಟು ವರ್ಷ ಒಳಗೆ ಗೊಣಗಿದ್ದನ್ನೆಲ್ಲ ಗಟ್ಟಿಯಾಗಿ ಹೇಳಿಬಿಡುತ್ತಾನೆ, ಜಡ್ಜಿನ ಎದುರಿಗೇ.

ಆ ದೃಶ್ಯದಲ್ಲಿ ಮೆಕರ್ನ್ ದನಿ ಏರಿಸಿ ಅಬ್ಬರಿಸುತ್ತಾರೆಂದು ನೀವು ಎಣಿಸಬಹುದು. ನನಗೆ ಹಿಡಿಸಿದ್ದು ಬೇರೆ. ಆ ಮುಖದಲ್ಲಿರುವ ಸುಖ. ಪರೀಕ್ಷೆಯೆಲ್ಲ ಮುಗಿದ ಹುಡುಗನ ಮುಖ ಅದು. ಎದುರಿಗೆ ಬಿಲ್ ಫ್ರೇಸರ್‌ಗೆ ಮಾತು ಕಡಿಮೆ. ಮುಖದ ಬಣ್ಣದಲ್ಲೇ ಉತ್ತರ ಕೊಡುತ್ತಾರೆ. ಜ್ಯೂರಿ ಏನು ಹೇಳಿತು ಅಂತ ನಾನು ಹೇಳುವುದಿಲ್ಲ. ನೋಡದವರಿಗೆ ಅಷ್ಟಾದರೂ ಉಳಿಯಲಿ.

ಆದರೆ ಇನ್ನೊಂದನ್ನು ಹೇಳದೆ ವಾದ ಪೂರ್ತಿಯಾಗದು. ದುಡ್ಡು ತರಲು ಹೋದರೆ ಬುಕ್ಕಿ ಇಲ್ಲ. ಓಡಿಹೋಗಿದ್ದಾನೆ. ಈ ಓಟದ ಹಿಂದೆ ಒಂದು ಕಾನೂನಿನ ಚೇಷ್ಟೆಯೂ ಇದೆ. ಇಂಗ್ಲೆಂಡಿನಲ್ಲಿ 1845ರ ಗೇಮಿಂಗ್ ಆಕ್ಟ್ ಪ್ರಕಾರ ಜೂಜಿನ ಸಾಲವನ್ನು ಕೋರ್ಟಿನಲ್ಲಿ ವಸೂಲಿ ಮಾಡುವಂತಿರಲಿಲ್ಲ. 2005ರ ಹೊಸ ಕಾಯ್ದೆ ಜಾರಿಗೆ ಬರುವವರೆಗೂ ಹಾಗೇ ಇತ್ತು. ನಮ್ಮ ಕರಾರು ಕಾಯ್ದೆಯ 30ನೇ ಕಲಮು ಹೇಳುವುದೂ ಸುಮಾರು ಅದೇ. ಅಂದರೆ ಬುಕ್ಕಿ ಓಡದೆ ಅಂಗಡಿಯಲ್ಲೇ ಕಾಲು ಚಾಚಿ ಕೂತಿದ್ದರೂ ರಂಪೋಲ್ ದಾವೆ ಹೂಡುವಂತಿರಲಿಲ್ಲ. ಜೀವಮಾನವೆಲ್ಲ ಕೋರ್ಟಿನಲ್ಲಿ ಕಳೆದವನಿಗೆ ಆ ಕೋರ್ಟೇ ಉಪಯೋಗಕ್ಕೆ ಬರುವುದಿಲ್ಲ. ಕಂತಿನಲ್ಲಿ ಇದನ್ನು ಎತ್ತಿ ಆಡುವುದಿಲ್ಲ. ಬರೆದವರು ವಕೀಲರು, ಅವರಿಗೆ ಗೊತ್ತಿಲ್ಲದೆ ಇರುತ್ತದೆಯೇ?

ಮತ್ತೇನು, ರಂಪೋಲ್ ಹಳೆಯ ವಿಗ್ಗು ಹಾಕಿಕೊಂಡು ಕೋರ್ಟಿಗೆ ವಾಪಸ್ಸು. ಇದನ್ನು ಕೆಲವರು ದೂರುತ್ತಾರೆ. ಕೊನೆಯ ಕೇಸು ಅಂತ ಹೆಸರಿಟ್ಟು ಮೋಸ ಮಾಡಿದರು ಎನ್ನುತ್ತಾರೆ. 1980ರ 'ರಂಪೋಲ್ಸ್ ರಿಟರ್ನ್'ನಲ್ಲೂ ಹೀಗೇ ಆಗಿತ್ತು. ಮಗನಿದ್ದ ಫ್ಲೋರಿಡಾಕ್ಕೆ ಹೋಗಿ ನೆಲೆಸಿದವನು ಬಿಸಿಲು ತಡೆಯಲಾರದೆ ಲಂಡನ್ನಿಗೆ ಓಡಿಬಂದಿದ್ದ. ಆದರೆ ಅಲ್ಲಿ ಅವನು ಬಂದದ್ದು ತನ್ನ ಇಷ್ಟದಿಂದ. ಇಲ್ಲಿ ವಿಧಿಯಿಲ್ಲದೆ. ಎಲ್ಲ ಹೇಳಿಬಿಟ್ಟ ಮೇಲೆ ಮತ್ತೆ 'ಪ್ರಭುಗಳು ಅಪ್ಪಣೆ ಕೊಟ್ಟರೆ' ಅನ್ನಬೇಕು. ಆ ಕಷ್ಟ ಇನ್ನೊಂದು ಕಂತಿನಲ್ಲಿಲ್ಲ.

ವಿಚಿತ್ರ ನೋಡಿ, ಬುಲಿಂಗ್‌ಹ್ಯಾಮ್ ಜೊತೆ ರಂಪೋಲ್‌ಗೆ ಆಮೇಲೆ ತೆರೆಯ ಮೇಲೆ ಮುಖಾಮುಖಿಯೇ ಆಗಲಿಲ್ಲ. ಬಿಲ್ ಫ್ರೇಸರ್ ಅದೇ 1987ರಲ್ಲಿ ತೀರಿಕೊಂಡರು. ಮುಂದಿನ ಸರಣಿಗಳಲ್ಲಿ ರಾಬಿನ್ ಬೇಲಿ ಮಾಡಿದ ಜಸ್ಟಿಸ್ ಗ್ರೇವ್ಸ್ ಎದುರಾಳಿಯಾದ. ಬಿಳಿಚಿದ ಮುಖ, ತಣ್ಣನೆಯ ಮಾತು, ಒಂದು ನಗು ಇಲ್ಲ. ಅವನೂ ಒಳ್ಳೆಯ ಶತ್ರುವೇ. ಆದರೆ ಬುಲ್‌ಗೆ ಸಿಟ್ಟು ಬಂದಾಗ ನಮಗೆ ಸಿಗುತ್ತಿದ್ದ ಖುಷಿ ಗ್ರೇವ್ಸ್‌ನಿಂದ ಸಿಗಲಿಲ್ಲ.

ಹೊಸದಾಗಿ ನೋಡುವವರಿಗೆ ಒಂದು ಮಾತು. 'ಲಾಸ್ಟ್ ಕೇಸ್'ನಿಂದ ಶುರು ಮಾಡಬೇಡಿ. ಬುಲಿಂಗ್‌ಹ್ಯಾಮ್ ಇರುವ ಹಳೆಯ ಕಂತುಗಳನ್ನು ಮೊದಲು ನೋಡಿ. ರಂಪೋಲ್ ಎಷ್ಟು ಸಲ ನಾಲಿಗೆ ಕಚ್ಚಿಕೊಂಡ ಅಂತ ಗೊತ್ತಿದ್ದರೆ ಮಾತ್ರ ಅವನು ಬಿಚ್ಚಿ ಮಾತಾಡಿದ್ದರ ಸುಖ ತಿಳಿಯುವುದು. ಅದಾದ ಮೇಲೂ ನಿಮಗೆ ಬೆಳ್ಳಿ ಮುಚ್ಚಳದೊಳಗಿನ ಇಲಿಯೇ ಇಷ್ಟವಾದರೆ, ನನ್ನ ಭಾವಮೈದುನನ ಪಕ್ಷಕ್ಕೆ ಇನ್ನೊಂದು ಮತ ಸಿಕ್ಕಿತು ಅಂತ ಲೆಕ್ಕ.

ನಮಸ್ಕಾರ.