ಯಾವ ಕಲ್ಲು ಮಿಲ್ಲಿಗೆ, ಯಾವುದು ಗುಡ್ಡೆಗೆ?

ಎಲ್ಲರಿಗೂ ನಮಸ್ಕಾರ.

ಕೆಜಿಎಫ್‌ನಲ್ಲಿ ಚಿನ್ನ ಖಾಲಿ ಆಯ್ತು, ಅದಕ್ಕೇ ಗಣಿ ಮುಚ್ಚಿದರು ಅಂತ ನೀವೆಲ್ಲ ಕೇಳಿರುತ್ತೀರಿ. ಖಾಲಿ ಆಗಿರಲಿಲ್ಲ. 2001ರ ಫೆಬ್ರವರಿ 28ರಂದು ಕೆಲಸ ನಿಂತಿತಲ್ಲ, ಆ ಕೊನೆಯ ಕಾಲದಲ್ಲೂ ಅಲ್ಲಿನ ಅದಿರು ಟನ್ನಿಗೆ 3 ಗ್ರಾಂ ಆಸುಪಾಸು ಚಿನ್ನ ಕೊಡುತ್ತಿತ್ತು. ಶುರುವಿನ ವರ್ಷಗಳಲ್ಲಿ ಟನ್ನಿಗೆ 40 ಗ್ರಾಂ ದಾಟಿದ ಗಣಿ ಅದು, ಹಾಗಾಗಿ ಅದರ ಮುಂದೆ 3 ಗ್ರಾಂ ಏನೂ ಅಲ್ಲ ಅನ್ನಿಸುತ್ತದೆ. ಆದರೆ ಇವತ್ತು ಹೊರಜಗತ್ತಿನಲ್ಲಿ ತೆರೆದ ಗಣಿಯವರು ಟನ್ನಿಗೆ 1 ಗ್ರಾಂ, ಕೆಲವು ಕಡೆ ಅದಕ್ಕಿಂತ ಕಡಿಮೆ ಇರುವ ಕಲ್ಲನ್ನೂ ಅಗೆದು ಲಾಭ ಮಾಡುತ್ತಾರೆ. ಮತ್ತೆ ನಮ್ಮ 3 ಗ್ರಾಂ ಏಕೆ ಸಾಲಲಿಲ್ಲ? ನೆಲದಡಿ 3 ಕಿಲೋಮೀಟರಿಗೂ ಜಾಸ್ತಿ ಆಳ. ಬಂಡೆಯ ಬಿಸಿ 60 ಡಿಗ್ರಿ ದಾಟಿತ್ತು. ತಣ್ಣನೆ ಗಾಳಿ ಕೆಳಗೆ ತಳ್ಳಬೇಕು, ನೀರು ಮೇಲೆತ್ತಬೇಕು, ಕಲ್ಲನ್ನು ಹಂತಹಂತವಾಗಿ ಎತ್ತಿ ತರಬೇಕು, ಇಷ್ಟೆಲ್ಲ ಖರ್ಚು ಆ 3 ಗ್ರಾಮೇ ಹೊರಬೇಕು. ಆಗ ಚಿನ್ನದ ಬೆಲೆ ಔನ್ಸಿಗೆ 270 ಡಾಲರ್ ಹತ್ತಿರ. 2025ರ ಅಕ್ಟೋಬರ್‌ನಲ್ಲಿ ಅದೇ ಔನ್ಸು 4000 ಡಾಲರ್ ದಾಟಿತು.

ಅದಿರು ಎಂದರೆ ಇಷ್ಟೇ: ತೆಗೆದರೆ ಗಿಟ್ಟುವ ಕಲ್ಲು. ಗಿಟ್ಟುವುದಕ್ಕೂ ಗಿಟ್ಟದೆ ಇರುವುದಕ್ಕೂ ನಡುವೆ ಎಳೆಯುವ ಗೆರೆಯೇ ಕಟ್-ಆಫ್ ಗ್ರೇಡ್. ಗ್ರೇಡ್ ಅಂದರೆ ಕಲ್ಲಿನಲ್ಲಿ ಎಷ್ಟು ಲೋಹ ಇದೆ ಅನ್ನೋ ಅಳತೆ. ಇದನ್ನು ಒಂದು ಗಣಿಗೆ ಒಂದೇ ನಂಬರ್ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಕಲ್ಲು ಈಗ ಎಲ್ಲಿದೆ, ಅದಕ್ಕೆ ಇನ್ನು ಮುಂದೆ ಎಷ್ಟು ಖರ್ಚಿದೆ ಅನ್ನೋದರ ಮೇಲೆ ಗೆರೆ ಜರುಗುತ್ತಾ ಇರುತ್ತದೆ.

ಬೋರ್ಡ್ ಮೇಲೆ ಒಂದು ಲೆಕ್ಕ ಹಾಕೋಣ. ಸುಮ್ನೆ ಉದಾಹರಣೆಗೆ, ಯಾವ ಗಣಿಯದ್ದೂ ಅಲ್ಲ. ಒಂದು ಟನ್ ಕಲ್ಲು ಒಡೆದು ಮೇಲೆ ತರಲು 6300 ರೂಪಾಯಿ, ಮಿಲ್ಲಿನಲ್ಲಿ ಅರೆದು ಚಿನ್ನ ಬೇರೆ ಮಾಡಲು 2700. ಒಟ್ಟು 9000. ರಾಯಲ್ಟಿ ಎಲ್ಲ ಕಳೆದು ಗ್ರಾಮಿಗೆ ಕೈಗೆ 10,000 ಸಿಗುತ್ತದೆ ಅನ್ನಿ. ಕಲ್ಲಿನಲ್ಲಿದ್ದದ್ದೆಲ್ಲ ಕೈಗೆ ಬರುವುದಿಲ್ಲ, 90% ಬರುತ್ತದೆ. ಅಂದರೆ ಕಲ್ಲಿನೊಳಗಿನ ಒಂದು ಗ್ರಾಂ ಚಿನ್ನಕ್ಕೆ 9000. ಖರ್ಚೂ 9000. ಗೆರೆ ಟನ್ನಿಗೆ 1 ಗ್ರಾಂ. 0.6 ಗ್ರಾಮಿನ ಕಲ್ಲು ಕೆಳಗೇ ಇರಲಿ, ಮುಟ್ಟಬೇಡಿ.

ಈಗ ಅದೇ 0.6 ಗ್ರಾಮಿನ ಕಲ್ಲು ಬೇರೆ ಕಾರಣಕ್ಕೆ ಮೇಲೆ ಬಂದುಬಿಟ್ಟಿದೆ. ದಾರಿ ಕೊರೆಯುವಾಗ ಸಿಕ್ಕಿತು, ತೆಗೆಯಲೇಬೇಕಿತ್ತು. ಟಿಪ್ಪರ್ ಕವಲುದಾರಿಯಲ್ಲಿ ನಿಂತಿದೆ, ಎಡಕ್ಕೆ ಮಿಲ್ಲು, ಬಲಕ್ಕೆ ಕಸದ ಗುಡ್ಡೆ. ಎಲ್ಲಿಗೆ ಕಳಿಸುತ್ತೀರಿ? 6300 ಆಗಲೇ ಹೋಯ್ತು, ಗುಡ್ಡೆಗೆ ಸುರಿದರೆ ವಾಪಸ್ ಬರುವುದಿಲ್ಲ. ಇನ್ನು ಉಳಿದಿರುವುದು 2700 ಮಾತ್ರ. 2700ನ್ನು 9000ದಿಂದ ಭಾಗಿಸಿದರೆ ಹೊಸ ಗೆರೆ 0.3, ನಮ್ಮ ಕಲ್ಲು ಅದಕ್ಕಿಂತ ಮೇಲಿದೆ. ಆದ್ದರಿಂದ ಎಡಕ್ಕೆ, ಮಿಲ್ಲಿಗೆ. ಕೆಳಗಿದ್ದಾಗ ಕಸವಾಗಿದ್ದದ್ದು ಮೇಲೆ ಬಂದಮೇಲೆ ಅದಿರು.

ಆದರೆ ಆ 0.3 ಕೂಡ ಪೂರ್ತಿ ನಿಜವಲ್ಲ. 90% ಸಿಗುತ್ತದೆ ಅಂದೆನಲ್ಲ, ಅದು ಒಳ್ಳೆ ಕಲ್ಲಿಗೆ ಸರಿ. ಕಲ್ಲಿನ ಗುಣ ಇಳಿದಷ್ಟೂ ಶೇಕಡಾ ಲೆಕ್ಕವೂ ಇಳಿಯುತ್ತದೆ, ಏಕೆಂದರೆ ಎಂಥ ಕಲ್ಲು ಹಾಕಿದರೂ ಹೊರಬೀಳುವ ಪುಡಿಯಲ್ಲಿ ಒಂದಿಷ್ಟು ಚಿನ್ನ ಉಳಿದೇ ಉಳಿಯುತ್ತದೆ. ಅದು ಟನ್ನಿಗೆ 0.1 ಗ್ರಾಂ ಅಂದುಕೊಳ್ಳಿ. 2700 ರೂಪಾಯಿ ಹುಟ್ಟಲು 0.27 ಗ್ರಾಂ ಕೈಗೆ ಬರಬೇಕು, ಜೊತೆಗೆ ಈ 0.1. ಗೆರೆ 0.37ಕ್ಕೆ ಹೋಯ್ತು. ಕಂಪ್ಯೂಟರಿನಲ್ಲಿ ಒಂದೇ 90% ತುಂಬಿಸಿ ಇಡೀ ಗಣಿಯ ಪ್ಲಾನ್ ಮಾಡುವವರು ಇಲ್ಲೇ ಎಡವುತ್ತಾರೆ.

ಇನ್ನೊಂದು ತೊಡಕು. ಮಿಲ್ಲು ಆಗಲೇ ಫುಲ್ ಇದ್ದರೆ? ಆಗ 0.6 ಗ್ರಾಮಿನ ಟನ್ ಒಳಗೆ ಹೋಗಬೇಕಾದರೆ 3 ಗ್ರಾಮಿನ ಟನ್ ಹೊರಗೆ ಕಾಯಬೇಕು. ಅದು ಓಡಿಹೋಗುವುದಿಲ್ಲ, ನಾಳೆ ಬರುತ್ತದೆ, ನಿಜ. ಆದರೆ ನಾಳೆ ಬರುವ ದುಡ್ಡಿಗೆ ಇವತ್ತಿನ ಬಡ್ಡಿ ಯಾರು ಕೊಡುತ್ತಾರೆ? ಗಣಿಗಾರಿಕೆ ತಜ್ಞ ಕೆನ್ನೆತ್ ಲೇನ್ 1964ರಲ್ಲಿ ಇದನ್ನೇ ಸೂತ್ರಕ್ಕೆ ಇಳಿಸಿದ್ದು. ಗಣಿ, ಮಿಲ್ಲು, ಮಾರುಕಟ್ಟೆ, ಈ ಮೂರರಲ್ಲಿ ಯಾವುದು ಇಕ್ಕಟ್ಟಾಗಿದೆಯೋ ಅದನ್ನು ನೋಡಿ ಗೆರೆ ಎಳೆಯಿರಿ ಎಂದರು. ಅವರ ಲೆಕ್ಕದ ಪ್ರಕಾರ ಸಾಮಾನ್ಯವಾಗಿ ಮೊದಲ ವರ್ಷಗಳಲ್ಲಿ ಗೆರೆ ಮೇಲಿರುತ್ತದೆ, ಗಣಿಗೆ ವಯಸ್ಸಾದಂತೆ ಕೆಳಗಿಳಿಯುತ್ತದೆ. ನಡುವಿನ ಕಲ್ಲನ್ನು ಪಕ್ಕಕ್ಕೆ ರಾಶಿ ಹಾಕಿ, ಕೊನೆಗೆ ಅರೆಯಬಹುದು.

ಇದು ತೆರೆದ ಗಣಿಯವರಿಗೆ ಸಲೀಸು. ನೆಲದಡಿಯವರಿಗೆ ಅಲ್ಲ. ರಾಯಚೂರು ಜಿಲ್ಲೆಯ ಹಟ್ಟಿಯಂಥ ಕಡೆ ಚಿನ್ನದ ಪಟ್ಟಿಗಳು ಕಿರಿದು. ಪಟ್ಟಿ 60 ಸೆಂಟಿಮೀಟರ್ ಅಗಲ, ಅದರಲ್ಲಿ ಟನ್ನಿಗೆ 8 ಗ್ರಾಂ ಅಂದುಕೊಳ್ಳಿ. ಅಷ್ಟು ಸಂದಿಯಲ್ಲಿ ಆಳು, ಯಂತ್ರ ಎರಡೂ ಹೋಗುವುದಿಲ್ಲ, ಒಂದೂವರೆ ಮೀಟರಾದರೂ ಒಡೆಯಬೇಕು. ಅಕ್ಕಪಕ್ಕದ ಬರೀ ಕಲ್ಲು ಬೆರೆತು 8 ಗ್ರಾಂ 3.2ಕ್ಕೆ ಇಳಿಯಿತು. ಗೆರೆಗೆ ಹೋಲಿಸಬೇಕಾದ್ದು ಈ 3.2ನ್ನು. ಆಮೇಲೆ, ಕೆಳಗೆ ಒಮ್ಮೆ ಬಿಟ್ಟ ಕಲ್ಲಿಗೆ ಮತ್ತೆ ದಾರಿ ಮಾಡುವುದು ಬಹಳ ಕಷ್ಟ, ಎಷ್ಟೋ ಸಲ ಆಗುವುದೇ ಇಲ್ಲ. ಒಳ್ಳೆಯದನ್ನಷ್ಟೇ ಕಿತ್ತು ಉಳಿದದ್ದನ್ನು ಬಿಟ್ಟುಬರುವುದು ಮೂರು ವರ್ಷದ ಬ್ಯಾಲೆನ್ಸ್ ಶೀಟಿಗೆ ಚೆಂದ, ಊರಿಗೆ ಚೆಂದ ಅಲ್ಲ. ಇದು ನನ್ನ ಅಭಿಪ್ರಾಯ, ಒಪ್ಪದವರು ಕಂಪನಿಗಳಲ್ಲಿ ಬೇಕಾದಷ್ಟು ಇದ್ದಾರೆ.

ಕಬ್ಬಿಣದ ಕಥೆಯಲ್ಲಿ ಗೆರೆಯನ್ನು ಸರ್ಕಾರವೂ ಎಳೆಯುತ್ತದೆ. ಹೆಮಟೈಟ್ ಅದಿರಿಗೆ ಮೊದಲು 55% ಕಬ್ಬಿಣ ಎಂದಿದ್ದದ್ದನ್ನು ಇಂಡಿಯನ್ ಬ್ಯೂರೋ ಆಫ್ ಮೈನ್ಸ್ 45%ಗೆ ಇಳಿಸಿತು. ಇವತ್ತು ಮಾರಲಾಗದಿದ್ದರೂ ಆ ಗೆರೆಗಿಂತ ಮೇಲಿನ ಕಲ್ಲನ್ನು ಕಸದ ಜೊತೆ ಬೆರೆಸುವಂತಿಲ್ಲ, ಬೇರೆ ರಾಶಿ ಹಾಕಬೇಕು. ಸಂಡೂರಿನ ಕಡೆ 55%ಗಿಂತ ಕೆಳಗಿನದ್ದು ಕಸ ಎನ್ನುತ್ತಿದ್ದ ಕಾಲದಲ್ಲೇ ಕುದುರೆಮುಖದಲ್ಲಿ 38% ಸುಮಾರಿನ ಕಲ್ಲು ಅಗೆಯುತ್ತಿದ್ದರು. ಅಲ್ಲಿನದು ಮ್ಯಾಗ್ನೆಟೈಟ್, ಅರೆದರೆ ಅಯಸ್ಕಾಂತದಿಂದ ಬೇರೆ ಮಾಡಬಹುದು. 2005ರ ಕೊನೆಗೆ ಆ ಗಣಿ ನಿಂತದ್ದು ಸುಪ್ರೀಂ ಕೋರ್ಟ್ ಆದೇಶದಿಂದ, ಗ್ರೇಡಿನಿಂದಲ್ಲ.

ಕೆಜಿಎಫ್‌ನ ಸಯನೈಡ್ ಗುಡ್ಡಗಳನ್ನು, ಅಂದರೆ ಚಿನ್ನ ತೆಗೆದಮೇಲೆ ಮಿಲ್ಲಿನಿಂದ ಹೊರಬಿದ್ದ ಪುಡಿಯ ಗುಡ್ಡಗಳನ್ನು, ನೋಡಿದವರು ಇಲ್ಲಿ ಇರಬಹುದು. 13 ಗುಡ್ಡ, ಸುಮಾರು 3.3 ಕೋಟಿ ಟನ್ ಪುಡಿ. ಅವನ್ನು ಮತ್ತೆ ಸಂಸ್ಕರಿಸುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಆ ಪುಡಿಯಲ್ಲಿ ಚಿನ್ನ ಟನ್ನಿಗೆ ಒಂದು ಗ್ರಾಮಿಗೂ ಕಡಿಮೆ. ಆದರೆ ಆ ಕಲ್ಲನ್ನು ಒಡೆದವರು, ಎತ್ತಿದವರು, ಅರೆದವರು ನಮ್ಮ ಅಜ್ಜಂದಿರ ಕಾಲದವರು, ಆ ಖರ್ಚು ಎಂದೋ ಮುಗಿದಿದೆ. ಟನ್ನಿಗೆ 1000 ರೂಪಾಯಿ ಖರ್ಚು, ಗ್ರಾಮಿಗೆ ಮೊದಲಿನದೇ 10,000, ಅರ್ಧ ಚಿನ್ನ ಮಾತ್ರ ಕೈಗೆ ಸಿಕ್ಕಿತು ಅಂದುಕೊಂಡರೂ ಗೆರೆ 0.2 ಗ್ರಾಂ. ಬೇಕಾದರೆ ಈಗಲೇ ಲೆಕ್ಕ ಹಾಕಿ ನೋಡಿ. ಆದರೆ ಆ 1000ದಲ್ಲಿ ಏನೇನು ಸೇರಿಸಿದ್ದೀರಿ? ಗಾಳಿ ಬೀಸಿದಾಗ ಪಕ್ಕದ ಮನೆಗಳ ಮೇಲೆ ಕೂರುವ ಧೂಳಿನ ಖರ್ಚು, ಸಯನೈಡ್ ನೀರನ್ನು ಶುದ್ಧ ಮಾಡುವ ಖರ್ಚು, ಕೆಲಸ ಮುಗಿದ ಮೇಲೆ ಹೊಸ ಪುಡಿಯನ್ನು ಎಲ್ಲಿ ಇಡುತ್ತೀರಿ ಅನ್ನೋ ಖರ್ಚು, ಇವೆಲ್ಲ ಒಳಗಿದ್ದರೆ ಗೆರೆ ಒಂದು ಕಡೆ, ಬಿಟ್ಟರೆ ಇನ್ನೊಂದು ಕಡೆ.

ಪೇಪರಿನಲ್ಲಿ ಇಷ್ಟು ಟನ್ ನಿಕ್ಷೇಪ ಪತ್ತೆ ಅಂತ ಬಂದಾಗ ಯಾವ ಕಟ್-ಆಫ್‌ಗೆ, ಚಿನ್ನದ ಯಾವ ಬೆಲೆಗೆ ಆ ಟನ್ನು ಅಂತ ಹುಡುಕಿ. ಗೆರೆ ಇಳಿಸಿದರೆ ಟನ್ನು ಏರುತ್ತದೆ, ಸರಾಸರಿ ಗ್ರೇಡ್ ಇಳಿಯುತ್ತದೆ. ಟನ್ನು ದೊಡ್ಡಕ್ಷರದಲ್ಲಿ ಹಾಕಿ ಗ್ರೇಡ್ ಬಿಟ್ಟಿದ್ದರೆ ಆ ಸುದ್ದಿಯಿಂದ ಏನೂ ತಿಳಿಯುವುದಿಲ್ಲ. ಸರಿ, ಈಗ ನಿಮ್ಮ ಪ್ರಶ್ನೆಗಳು. ಹಿಂದೆ ಕೂತವರು ಮೊದಲು ಕೇಳಿ.