ನಡುಗುವ ಪೊರೆಯ ಶಕ್ತಿ ಎಲ್ಲಿ ಹೋಗುತ್ತದೆ?

ಕೇಳುಗರೇ, ನಮಸ್ಕಾರ.

ಡೋಲಿಗೆ ಒಂದು ಏಟು ಹೊಡೆದು ಸುಮ್ನೆ ಕೇಳಿ. ಸದ್ದು ಮೆಲ್ಲಗೆ ಅಡಗುತ್ತದೆ. ಶಕ್ತಿಯಲ್ಲಿ ಒಂದು ಪಾಲು ಗಾಳಿಗೆ ಹೋಯಿತು, ಒಂದು ಪಾಲು ಚೌಕಟ್ಟಿಗೆ. ಉಳಿದದ್ದು ಚರ್ಮದೊಳಗೇ ಬಿಸಿಯಾಯಿತು. ಆ ಕೊನೆಯ ಪಾಲಿನ ಬಗ್ಗೆಯೇ ಇವತ್ತಿನ ಮಾತು.

ಕಬ್ಬಿಣ, ರಂಜಕ, ಗಂಧಕ ಸೇರಿದ ಒಂದು ಹರಳಿದೆ. ಪದರ ಪದರವಾಗಿ ಬಿಡಿಸಬಹುದು. ಅದರ ತೆಳು ಪೊರೆಯನ್ನು ಸಿಲಿಕಾನ್ ಚಿಪ್‌ನ ಪುಟ್ಟ ಗುಳಿಯ ಮೇಲೆ ಹೊದಿಸುತ್ತಾರೆ. ಅಗಲ ಕೆಲವೇ ಮೈಕ್ರೋಮೀಟರ್. ಗಾಳಿಯ ಕಾಟ ಇರಬಾರದೆಂದು ನಿರ್ವಾತದಲ್ಲಿ ಇಡುತ್ತಾರೆ. ಒಂದು ಲೇಸರ್ ಅದನ್ನು ನಡುಗಿಸುತ್ತದೆ, ಇನ್ನೊಂದು ಆ ನಡುಕವನ್ನು ಅಳೆಯುತ್ತದೆ. ಸೆಕೆಂಡಿಗೆ ಕೋಟಿಗೂ ಮೀರಿದ ನಡುಕ!

ಇದನ್ನು ತಣ್ಣಗೆ ಮಾಡುತ್ತಾ ಹೋದರೆ ಸುಮಾರು 118 ಕೆಲ್ವಿನ್ ಹತ್ತಿರ, ಅಂದರೆ ಮೈನಸ್ 155 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಒಳಗೆ ದೊಡ್ಡ ಬದಲಾವಣೆ ಆಗುತ್ತದೆ. ಕಬ್ಬಿಣದ ಒಂದೊಂದು ಅಣುವೂ ಒಂದು ಪುಟ್ಟ ಕಾಂತ. ದಿಕ್ಕಿಲ್ಲದೆ ತಿರುಗುತ್ತಿದ್ದ ಈ ಅಣುಕಾಂತಗಳು ಸಾಲುಗೂಡುತ್ತವೆ. ಒಂದು ಸಾಲು ಮೇಲೆ ನೋಡಿದರೆ, ಪಕ್ಕದ್ದು ಕೆಳಗೆ. ಒಟ್ಟು ಕಾಂತತ್ವ ಸೊನ್ನೆ. ಇಷ್ಟು ಚಿಕ್ಕ ಪೊರೆಯಲ್ಲಿ ಈ ಅಡಗಿದ ಶಿಸ್ತನ್ನು ಹಿಡಿಯುವುದು ಕಷ್ಟ, ಅಲ್ವಾ?

2020ರಲ್ಲಿ ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ವಿಶ್ವವಿದ್ಯಾಲಯದ ತಂಡ ಮತ್ತು ಅವರ ಜೊತೆಗಾರರು ಅದನ್ನು ನಡುಕದಲ್ಲೇ ಹಿಡಿದರು. ಶಿಸ್ತು ಮೂಡುವ ಉಷ್ಣತೆಯ ಹತ್ತಿರ ನಡುಕದ ವೇಗ ಏರುವ ರೀತಿ ಬದಲಾಯಿತು. ಶಕ್ತಿ ಸೋರುವ ರೀತಿಯೂ ಬದಲಾಯಿತು.

ಸೋರಿಕೆಗೆ ಕಾರಣ ತುಂಬಾ ಚೆನ್ನಾಗಿದೆ. ಪೊರೆ ಬಾಗಿದಾಗ ಹಿಗ್ಗಿದ ಕಡೆ ಸ್ವಲ್ಪ ತಣ್ಣಗಾಗುತ್ತದೆ, ಕುಗ್ಗಿದ ಕಡೆ ಸ್ವಲ್ಪ ಬಿಸಿ. ಬಿಸಿ ಅತ್ತಿಂದಿತ್ತ ಹರಿಯುತ್ತದೆ. ಹರಿದದ್ದು ಪೂರ್ತಿ ನಡುಕಕ್ಕೆ ವಾಪಸ್ ಬರುವುದಿಲ್ಲ. 1930ರ ದಶಕದಲ್ಲೇ ಅಮೆರಿಕದ ಭೌತವಿಜ್ಞಾನಿ ಕ್ಲಾರೆನ್ಸ್ ಝೀನರ್ ಇದರ ಲೆಕ್ಕ ಕೊಟ್ಟಿದ್ದರು. ಅಣುಕಾಂತಗಳ ನಡುವಿನ ಸೆಳೆತ ಅಣುಗಳ ಅಂತರವನ್ನು ನಂಬಿಕೊಂಡಿದೆ. ಹಾಗಾಗಿ ಶಿಸ್ತು ಮುರಿಯುವ ಅಂಚಿನಲ್ಲಿ ಪೊರೆಯ ಪ್ರತಿ ಎಳೆತವೂ ಅವುಗಳನ್ನು ಕದಡುತ್ತದೆ. ಪೊರೆಯ ಉಷ್ಣಧಾರಣೆ, ಅಂದರೆ ಅದನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದ ಶಾಖ, ಅಲ್ಲಿ ಏರುತ್ತದೆ, ಸೋರಿಕೆಯೂ ಅದರ ಜೊತೆಗೇ ಜಾಸ್ತಿ ಆಗುತ್ತದೆ.

ನನಗೆ ಇದರಲ್ಲಿ ಬಹಳ ಹಿಡಿಸುವುದು ಇದೇ. ಸಾಧನ ಮಾಡುವವರು ಬೇಡವೆನ್ನುವ ನಷ್ಟ ಇಲ್ಲಿ ಅಳತೆಗೋಲಾಗಿದೆ. ಅದೇ ತಂಡ ಇನ್ನೂ ಒಂದು ಹೆಜ್ಜೆ ಹೋಯಿತು. ವಿದ್ಯುತ್ ಸೆಳೆತದಿಂದ ಪೊರೆಯನ್ನು ಬಿಗಿಗೊಳಿಸಿ, ಶಿಸ್ತು ಮೂಡುವ ಉಷ್ಣತೆಯನ್ನೇ ಕೊಂಚ ಸರಿಸಿ ತೋರಿಸಿತು.

ನಮಸ್ಕಾರ.