ಅಲೆಯ ವೇಗವನ್ನು ತೀರ್ಮಾನಿಸುವುದು ಯಾವುದು?

ಕೇಳುಗರಿಗೆ ನಮಸ್ಕಾರ. ಪ್ರೌಢಶಾಲೆಯ ಮಕ್ಕಳು, ಅವರಿಗೆ ಭೌತವಿಜ್ಞಾನ ಕಲಿಸುವವರು ರೇಡಿಯೋ ಹತ್ತಿರ ಇದ್ದರೆ ಒಂದು ಪ್ರಶ್ನೆ. ಶ್ರುತಿಕವೆ ಎಂದರೆ ಬಡಿದಾಗ ಒಂದು ಗೊತ್ತಾದ ಸ್ವರ ಹೊಮ್ಮಿಸುವ ಎರಡು ಕಾಲಿನ ಲೋಹದ ಕವೆ. 256 ಹರ್ಟ್ಸ್‌ನ ಶ್ರುತಿಕವೆಯ ಬದಲು 512 ಹರ್ಟ್ಸ್‌ನದನ್ನು ಬಡಿದರೆ ಶಬ್ದದ ವೇಗ ಏನಾಗುತ್ತದೆ? ಸೆಕೆಂಡಿಗೆ ಎಷ್ಟು ಕಂಪನ ಎಂಬುದು ಆವೃತ್ತಿ, ಹರ್ಟ್ಸ್ ಅದರ ಏಕಮಾನ; ಅಲೆಯ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗೆ ಇರುವ ದೂರ ತರಂಗದೂರ. ವೇಗ ಎಂದರೆ ಆವೃತ್ತಿ ಗುಣಿಸು ತರಂಗದೂರ ಎಂದು ಬಾಯಿಪಾಠ ಮಾಡಿದವರು ಥಟ್ಟನೆ ‘ಎರಡರಷ್ಟು’ ಎನ್ನುತ್ತಾರೆ. ಅದು ತಪ್ಪು. ವೇಗ ಇದ್ದಷ್ಟೇ ಇರುತ್ತದೆ, ತರಂಗದೂರ ಅರ್ಧಕ್ಕೆ ಇಳಿಯುತ್ತದೆ.

ಆವೃತ್ತಿಯನ್ನು ತೀರ್ಮಾನಿಸುವುದು ಕಂಪಿಸುವ ವಸ್ತು. ವೇಗವನ್ನು ತೀರ್ಮಾನಿಸುವುದು ಮಾಧ್ಯಮ, ಎಂದರೆ ಅಲೆ ಸಾಗುವ ಗಾಳಿ, ನೀರಿನಂಥ ವಸ್ತು. ಇವೆರಡೂ ಸೇರಿದಾಗ ತರಂಗದೂರ ತಾನಾಗಿ ಹೊರಬೀಳುತ್ತದೆ. 25 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 346 ಮೀಟರ್. ದನಿ ಮಂದ್ರವಿರಲಿ, ತಾರವಿರಲಿ ಅಷ್ಟೇ. ಹಾಗಾಗಿಯೇ ದೂರದ ಉತ್ಸವದ ನಾಗಸ್ವರ ಮತ್ತು ಡೋಲು ನಮ್ಮ ಕಿವಿಗೆ ತಾಳ ತಪ್ಪದೆ ಬರುತ್ತವೆ. ಅದೇ 512 ಹರ್ಟ್ಸ್ ಶಬ್ದ ನೀರಿಗಿಳಿದರೆ ವೇಗ 1,498 ಮೀಟರಿಗೆ ಏರುತ್ತದೆ, ತರಂಗದೂರ 68 ಸೆಂಟಿಮೀಟರಿನಿಂದ 2.9 ಮೀಟರಿಗೆ ಹಿಗ್ಗುತ್ತದೆ. ಆವೃತ್ತಿ ಮಾತ್ರ ಕದಲುವುದಿಲ್ಲ. ಗಾಳಿ ಎಷ್ಟು ಸಲ ತಳ್ಳುತ್ತದೋ ನೀರಿನ ಮೇಲ್ಮೈ ಅಷ್ಟೇ ಸಲ ಅಲುಗಬೇಕಲ್ಲ.

ಶಬ್ದದ ವೇಗವನ್ನು ಶಾಲೆಯಲ್ಲೇ ಅಳೆಯಬಹುದು, ಅಳೆಯಲೇಬೇಕು. 512 ಹರ್ಟ್ಸ್‌ನ ಶ್ರುತಿಕವೆ, 3 ಸೆಂಟಿಮೀಟರ್ ಒಳವ್ಯಾಸದ 60 ಸೆಂಟಿಮೀಟರ್ ಉದ್ದದ ಪಿವಿಸಿ ಪೈಪು, ನೀರು ತುಂಬಿದ ಡ್ರಮ್ಮು ಇಟ್ಟುಕೊಳ್ಳಿ. ಬಕೆಟ್ ಸಾಲದು, ನೀರು 50 ಸೆಂಟಿಮೀಟರಿಗಿಂತ ಆಳ ಇರಬೇಕು. ಪೈಪನ್ನು ನೆಟ್ಟಗೆ ಇಳಿಸಿ, 10 ಸೆಂಟಿಮೀಟರ್ ಮಾತ್ರ ಮೇಲಿರಲಿ. ಕವೆಯನ್ನು ರಬ್ಬರ್ ತುಂಡಿಗೆ ಬಡಿಯಿರಿ. ಮೇಜಿನ ಅಂಚಿಗೆ ಬಡಿದರೆ ಮೂಲ ಸ್ವರದ ಜೊತೆ ಕೀಚಲು ಸ್ವರಗಳೂ ಏಳುತ್ತವೆ, ಕವೆಯೂ ಹಾಳಾಗುತ್ತದೆ. ಅದನ್ನು ಅಡ್ಡಲಾಗಿ, ಒಂದು ಕಾಲಿನ ಕೆಳಗೆ ಇನ್ನೊಂದು ಬರುವಂತೆ, ಪೈಪಿನ ಬಾಯಿಗೆ ತಾಗಿಸದೆ 1 ಸೆಂಟಿಮೀಟರ್ ಮೇಲೆ ಹಿಡಿದು ಎರಡನ್ನೂ ಒಟ್ಟಿಗೆ ಮೆಲ್ಲಗೆ ಎತ್ತುತ್ತ ಹೋಗಿ.

ನೀರಿನಿಂದ ಬಾಯಿಯವರೆಗಿನ ಗಾಳಿಯ ಉದ್ದ 16 ಸೆಂಟಿಮೀಟರ್ ಆಗುವ ಹೊತ್ತಿಗೆ ದನಿ ಒಮ್ಮೆಲೇ ತುಂಬಿಕೊಳ್ಳುತ್ತದೆ. ಅದೇ ಅನುರಣನ, ಎಂದರೆ ಪೈಪಿನೊಳಗಿನ ಗಾಳಿಯೂ ಕವೆಯ ಆವೃತ್ತಿಯಲ್ಲೇ ಜೋರಾಗಿ ಕಂಪಿಸುವುದು. ಇದನ್ನು ತರಂಗದೂರದ ಕಾಲುಭಾಗ ಎಂದುಕೊಂಡು ಲೆಕ್ಕ ಮುಗಿಸುವವರಿಗೆ ವೇಗ 328 ಮೀಟರ್ ಸಿಗುತ್ತದೆ, 18 ಮೀಟರ್ ಕಡಿಮೆ. ಗಾಳಿಯ ಕಂಪನ ಪೈಪಿನ ಬಾಯಿಯಲ್ಲೇ ನಿಲ್ಲದೆ ವ್ಯಾಸದ ಸುಮಾರು 0.3 ಪಟ್ಟು, ಇಲ್ಲಿ 9 ಮಿಲಿಮೀಟರ್, ಹೊರಗೆ ಚಾಚಿರುತ್ತದೆ. ಕವೆಯನ್ನು ಮತ್ತೆ ಬಡಿದು ಪೈಪನ್ನು ಇನ್ನೂ ಎತ್ತಿ. 49.8 ಸೆಂಟಿಮೀಟರಿನ ಹತ್ತಿರ ದನಿ ಇನ್ನೊಮ್ಮೆ ಏರುತ್ತದೆ, ಈ ಸಲ ಕ್ಷೀಣವಾಗಿ; ಕಿವಿಗೊಟ್ಟು ಕೇಳಬೇಕು. ಎರಡು ಉದ್ದಗಳನ್ನು ಕಳೆದರೆ ಆ 9 ಮಿಲಿಮೀಟರ್ ವಜಾ ಆಗುತ್ತದೆ. ಉಳಿದ 33.8 ಸೆಂಟಿಮೀಟರ್ ತರಂಗದೂರದ ಅರ್ಧ. ಅದನ್ನು ಎರಡರಿಂದಲೂ 512ರಿಂದಲೂ ಗುಣಿಸಿ: 346 ಮೀಟರ್.

ಇನ್ನು ಅಲೆಯನ್ನು ಗೆರೆಯಾಗಿ ಬರೆದ ನಕ್ಷೆ. ಪಾರವನ್ನು, ಎಂದರೆ ಕಂಪನದ ಗರಿಷ್ಠ ಎತ್ತರವನ್ನು, ನಡುಗೆರೆಯಿಂದ ಉಬ್ಬಿನವರೆಗೆ ಅಳೆಯಬೇಕು, ತಗ್ಗಿನಿಂದಲ್ಲ. ಅಡ್ಡಗೆರೆಯ ಮೇಲೆ ಮೀಟರ್ ಇದ್ದರೆ ಎರಡು ಉಬ್ಬುಗಳ ಅಂತರ ತರಂಗದೂರ. ಸೆಕೆಂಡ್ ಇದ್ದರೆ ಅದು ಆವರ್ತಕಾಲ, ಎಂದರೆ ಒಂದು ಕಂಪನಕ್ಕೆ ಹಿಡಿಯುವ ಸಮಯ. ಚಿತ್ರ ಎರಡರಲ್ಲೂ ಒಂದೇ ಥರ ಕಾಣುವುದರಿಂದ ಅಂಕ ಹೋಗುವುದು ಇಲ್ಲೇ.

ರೇಡಿಯೋ ಅಲೆಗೆ ಮಾಧ್ಯಮವೇ ಬೇಡ, ವೇಗ ಸೆಕೆಂಡಿಗೆ 30 ಕೋಟಿ ಮೀಟರ್. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಅಲೆಗೆ ತರಂಗದೂರ 490 ಮೀಟರ್. ಕಿಲೋ ಮರೆತು ಬರೀ 612ರಿಂದ ಭಾಗಿಸಿದರೆ 490 ಕಿಲೋಮೀಟರ್ ಬರುತ್ತದೆ, ಹೆಚ್ಚುಕಡಿಮೆ ಬೆಂಗಳೂರಿನಿಂದ ಬೆಳಗಾವಿಗೆ ಇರುವ ದಾರಿಯಷ್ಟು. ಅಂಥ ಉತ್ತರ ಕಂಡಾಗ ಸೂತ್ರವನ್ನು ಅನುಮಾನಿಸಬೇಡಿ, ಮೊದಲು ಏಕಮಾನ ನೋಡಿ. ನಮಸ್ಕಾರ.